ಕೊಟ್ಟಿಗೆಯ ಮೇಕೆಗೂ ಒಂದಿಷ್ಟು ಕೆಲಸ

ಶಿರಾ, ಪಾವಗಡದ ಕಡೆ ಗುಡ್ಡಕ್ಕೆ ಹೊಡೆದ ಮೇಕೆಗೆ ಬಿಡುವೇ ಇರುವುದಿಲ್ಲ. ನಡೆಯಬೇಕು, ಬಂಡೆ ಹತ್ತಬೇಕು, ಹಿಂಗಾಲ ಮೇಲೆ ನಿಂತು ಜಾಲಿಯ ಕೊಂಬೆ ಎಳೆಯಬೇಕು. ಅದನ್ನೇ ಕೊಟ್ಟಿಗೆಯಲ್ಲಿ ಕೂಡಿ ಮೇವು ಕತ್ತರಿಸಿ ಗೋದಲಿಗೆ ಸುರಿದರೆ ಬೇಗ ತಿಂದು ಮುಗಿಸಿ ಸುಮ್ಮನೆ ನಿಲ್ಲುತ್ತದೆ. ಆಮೇಲೆ ಗಳ ಕಡಿಯುವುದು, ಪಕ್ಕದ್ದನ್ನು ಗುಮ್ಮುವುದು, ಬಾಗಿಲ ಚಿಲಕ ಬಿಚ್ಚುವುದು. ಈ ಕಾಟ ತಪ್ಪಿಸಲು ಗುಡ್ಡದ ಕೆಲಸವನ್ನೇ ಸ್ವಲ್ಪ ಸ್ವಲ್ಪ ಕೊಟ್ಟಿಗೆಗೆ ತರಬೇಕು. ಮನೆಯಲ್ಲಿ ಬಿದ್ದಿರುವ ಸಾಮಾನೇ ಸಾಕು.

1. ಸೊಪ್ಪನ್ನು ತೂಗುಹಾಕಿ. ಬೇರೇನೂ ಮಾಡಲಾಗದಿದ್ದರೂ ಇದೊಂದನ್ನು ಮಾಡಿ. ಹಲಸು, ಅತ್ತಿ, ನುಗ್ಗೆ, ಗ್ಲಿರಿಸಿಡಿಯಾ, ಯಾವುದಾದರೂ ಸರಿ, ದಿನಕ್ಕೊಮ್ಮೆಯಾದರೂ ಇಡೀ ಕೊಂಬೆಯನ್ನೇ ಕೊಡಿ. ಮೇಕೆ ಕತ್ತೆತ್ತಿದರೆ ಎಟುಕುವ ಎತ್ತರಕ್ಕೆ ಒಂದು ಕಟ್ಟು, ಹಿಂಗಾಲ ಮೇಲೆ ನಿಂತರಷ್ಟೇ ಸಿಗುವಂತೆ ಇನ್ನೊಂದು. ಎಲೆ ಮುಗಿದ ಮೇಲೆ ತೊಗಟೆ ಸುಲಿಯುತ್ತಾ ಹೊತ್ತು ಕಳೆಯುತ್ತವೆ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಕಟ್ಟಿದವರು ಕೊಟ್ಟಿಗೆಯಲ್ಲಿ ಮೇಕೆ ಸಾಕಿರಲಿಕ್ಕಿಲ್ಲ. ನೆಲಕ್ಕೆ ಬಿದ್ದು ಗಂಜಲ ತಾಗಿದ ಸೊಪ್ಪನ್ನು ಅದು ಮೂಸಿ ಬಿಟ್ಟುಬಿಡುತ್ತದೆ. ಬಿಡುವುದೂ ಒಳ್ಳೆಯದೇ. ಹಿಕ್ಕೆಯಲ್ಲಿರುವ ಜಂತುಹುಳದ ಮೊಟ್ಟೆ ಒಡೆಯುವುದು ತೇವದ ನೆಲದಲ್ಲಿ, ಸೊಪ್ಪು ಮೇಲಿದ್ದಷ್ಟೂ ಹುಳುವಿನ ಬಾಧೆ ಕಡಿಮೆ.

ಸುಬಾಬುಲ್ ಮೇಕೆಗೆ ಪ್ರಾಣ. ಆದರೆ ಅದರಲ್ಲಿ ಮಿಮೋಸಿನ್ ಎಂಬ ವಿಷದ ಅಂಶವಿದೆ, ಹೆಚ್ಚಾದರೆ ಕೂದಲು ಉದುರುತ್ತದೆ. ಒಟ್ಟು ಮೇವಿನ ಮೂರನೇ ಒಂದು ಪಾಲು ಮೀರದಂತೆ ನೋಡಿಕೊಳ್ಳಿ. ಬೇಲಿಯ ಕಣಗಿಲೆ ಮತ್ತು ಲಂಟಾನ ಕಟ್ಟಿನೊಳಗೆ ಸೇರಲೇಬಾರದು. ಕಣಗಿಲೆಯ ಒಂದು ಹಿಡಿ ಎಲೆಯೂ ಮೇಕೆಯ ಜೀವ ತೆಗೆದೀತು.

2. ಹತ್ತಲು ಒಂದು ಜಗಲಿ ಸಾಲದು, ಎರಡು ಬೇಕು. ಒಂದೇ ಇದ್ದರೆ ಗಟ್ಟಿ ಕೊಂಬಿನ ಮೇಕೆ ಅದರ ಮೇಲೆ ಮಲಗಿ ಉಳಿದವನ್ನು ಹತ್ತಿರ ಸೇರಿಸುವುದಿಲ್ಲ. ಸೈಜುಗಲ್ಲು ಪೇರಿಸಿ ಮೇಲೊಂದು ಚಪ್ಪಡಿ ಹಾಸಿದರೆ ಸಾಕು. ಒಂದೂವರೆ, ಎರಡು ಅಡಿ ಎತ್ತರ, ಎರಡು ಮೇಕೆ ಮಲಗುವಷ್ಟು ಅಗಲ. ಅಟ್ಟಿದರೆ ಇಳಿದು ಓಡಲು ಎರಡು ಕಡೆಯಾದರೂ ತೆರಪಿರಲಿ. ಮೂಲೆಗೆ ಒತ್ತರಿಸಿ ಕಟ್ಟಿದ ಜಗಲಿಯಲ್ಲಿ ಬಡ ಮೇಕೆ ಸಿಕ್ಕಿಬಿದ್ದು ಪೆಟ್ಟು ತಿನ್ನುತ್ತದೆ. ಬೇಲಿಯ ಪಕ್ಕದಲ್ಲಂತೂ ಕಟ್ಟಲೇಬೇಡಿ, ಅಲ್ಲಿಂದ ಹಾರಿ ನೆರೆಯವರ ಅವರೆ ಹೊಲದಲ್ಲಿ ಇಳಿಯುತ್ತವೆ. ಕರೆಂಟಿನವರು ಬಿಟ್ಟುಹೋಗುವ ಮರದ ಕೇಬಲ್ ಡ್ರಮ್ ಕೂಡ ಒಳ್ಳೆಯದೇ, ನಡುವಿನ ತೂತಿಗೆ ಹಲಗೆ ಹೊಡೆಯಿರಿ. ಮರಿಯ ಕಾಲು ಅದರಲ್ಲಿ ಇಳಿದರೆ ಮುರಿದಂತೆಯೇ.

ಒರಟು ಕಲ್ಲಿನಲ್ಲಿ ಓಡಾಡಿದರೆ ಗೊರಸು ಒಂದಿಷ್ಟು ಸವೆಯುತ್ತದೆ. ಹಾಗೆಂದು ಗೊರಸು ಕತ್ತರಿಸುವುದನ್ನು ಬಿಡುವಂತಿಲ್ಲ.

ಇದನ್ನೆಲ್ಲ ಕಂಡ ನಮ್ಮ ಬೀದಿಯ ತಾತ, "ಇನ್ನು ಜೋಕಾಲಿ ಒಂದು ಕಟ್ಟಿಬಿಡಪ್ಪ" ಅಂದರು. ಕಟ್ಟಲಿಲ್ಲ. ಕಾರಣ ಮುಂದಿನದು.

3. ಕುಣಿಕೆ ಬೇಡ. ಸಡಿಲವಾಗಿ ಇಳಿಬಿದ್ದ ಹಗ್ಗ, ಬಲೆ, ನೈಲಾನ್ ದಾರ ಯಾವುದೂ ಕೊಟ್ಟಿಗೆಯಲ್ಲಿ ಇರಬಾರದು. ಕೊಂಬು ಸಿಕ್ಕಿಕೊಂಡರೆ ಮೇಕೆ ಗಾಬರಿಯಿಂದ ಸುತ್ತಿ ಸುತ್ತಿ ತನ್ನ ಕುತ್ತಿಗೆಗೇ ಉರುಲು ಬಿಗಿದುಕೊಳ್ಳುತ್ತದೆ. ಸೊಪ್ಪಿನ ಕಟ್ಟನ್ನು ಗಟ್ಟಿಯಾಗಿ ಬಿಗಿದು, ತೊಲೆಗೆ ಗಿಡ್ಡ ಸರಪಳಿಯಲ್ಲಿ ನೇತುಹಾಕಿ.

4. ಹಳೆ ಟಯರನ್ನು ಅರ್ಧ ಹೂತು ನಿಲ್ಲಿಸಿದರೆ ಮರಿಗಳು ನುಸುಳಿ ಆಡುತ್ತವೆ. ಸವೆದು ತಂತಿ ಹೊರಬಂದದ್ದು ಬೇಡ. ಮಳೆನೀರು ನಿಂತರೆ ಸೊಳ್ಳೆಗೆ ಮನೆ ಕೊಟ್ಟಂತೆ, ತೂತು ಕೊರೆಯಿರಿ.

5. ಸವೆದ ಗಟ್ಟಿ ಪೊರಕೆಯನ್ನು ಕಂಬಕ್ಕೆ ಬಿಗಿಯಿರಿ, ಮೈ ಉಜ್ಜಿಕೊಳ್ಳುತ್ತವೆ. ಒಂದೇ ಮೇಕೆ ಅದನ್ನು ಬಿಟ್ಟು ಅಲ್ಲಾಡುತ್ತಿಲ್ಲವೆಂದರೆ ಕೂದಲು ಸರಿಸಿ ನೋಡಿ. ಹೇನೋ ಕಜ್ಜಿಯೋ ಇರಬಹುದು.

6. ತಲೆಗೂ ಕೆಲಸ ಕೊಡಿ. ದಪ್ಪ ಬಿದಿರಿನ ಒಂದು ಗೆಣ್ಣಿನಷ್ಟು ತುಂಡು ತೆಗೆದು ತೂತು ಕೊರೆದು, ಒಂದು ಹಿಡಿ ಹುರುಳಿ ತುಂಬಿ ನೆಲಕ್ಕೆ ಬಿಡಿ. ಮೂತಿಯಿಂದ ಉರುಳಿಸಿ ಉರುಳಿಸಿ ಕಾಳು ಉದುರಿಸಿಕೊಳ್ಳುವುದನ್ನು ಬೇಗ ಕಲಿಯುತ್ತವೆ. ಕಾಳು ಹಿಡಿ ದಾಟಬಾರದು, ಹೆಚ್ಚಾದರೆ ಹೊಟ್ಟೆಯಲ್ಲಿ ಹುಳಿಯೇರಿ ಮೇಕೆ ಮಲಗಿಬಿಡುತ್ತದೆ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹಲ್ಲಿನಿಂದ ಹಗ್ಗ ಎಳೆದು, ಆಮೇಲೆ ಮೂತಿಯಿಂದ ಸನ್ನೆ ಎತ್ತಿದರೆ ತಿನಿಸು ಸಿಗುವ ಪೆಟ್ಟಿಗೆಯನ್ನು 12 ಮೇಕೆಗಳ ಮುಂದಿಟ್ಟರು. 9 ಕಲಿತವು. 10 ತಿಂಗಳ ಮೇಲೆ ಮತ್ತೆ ಇಟ್ಟಾಗಲೂ ಮರೆತಿರಲಿಲ್ಲ. ಚಿಲಕದ ವಿದ್ಯೆಯೂ ಹಾಗೆಯೇ: ಒಮ್ಮೆ ಬಿಚ್ಚಲು ಕಲಿತ ಮೇಕೆಯ ಎದುರು ಅದೇ ಚಿಲಕ ಇಟ್ಟು ಪ್ರಯೋಜನವಿಲ್ಲ, ಕೊಂಡಿಯನ್ನು ಹೊರಬದಿಗೆ ಹಾಕಿಸಿ.

ಬಿದಿರಿನ ತುಂಡು ದಿನವೂ ಕೊಟ್ಟಿಗೆಯಲ್ಲೇ ಬಿದ್ದಿದ್ದರೆ ಅವು ತಿರುಗಿಯೂ ನೋಡವು. ನಡುನಡುವೆ ಎತ್ತಿಟ್ಟು ಮತ್ತೆ ಕೊಡಿ.

7. ಗಬ್ಬದ ಮೇಕೆಯನ್ನು ಈಯುವ ಮುಂಚಿನ ತಿಂಗಳು ಬೇರೆ ಕಟ್ಟಿ. ಜಗಲಿಯ ಜಗಳದಲ್ಲಿ ಹೊಟ್ಟೆಗೆ ಗುಮ್ಮಿಸಿಕೊಂಡರೆ ಕಂದು ಹಾಕುತ್ತದೆ. ಅದಕ್ಕೆ ಹತ್ತುವ ಕಲ್ಲು ಬೇಡ, ಸೊಪ್ಪಿನ ಕಟ್ಟು ಎದೆಯೆತ್ತರಕ್ಕೆ ಸಾಕು. ಆದರೆ ಒಂಟಿಯಾಗಿ ಗೋಡೆಯ ಹಿಂದೆ ಕೂಡಬೇಡಿ. ಉಳಿದವು ಕಾಣುವಂತೆ ನಡುವೆ ಬಿದಿರಿನ ತಡಿಕೆ ಕಟ್ಟಿದರೆ ಅರಚಾಟ ನಿಲ್ಲುತ್ತದೆ.