ಹತ್ತರಲ್ಲಿ ಮೊದಲನೆಯದು

ತರಗತಿ: 4. ವಿಷಯ: ಮೌಲ್ಯ ಶಿಕ್ಷಣ.

ಉದ್ದೇಶ: ಕೊಡುವ ಪಾಲನ್ನು ಮೊದಲೇ ತೆಗೆದಿಡುವುದನ್ನು ಮಕ್ಕಳು ರೂಢಿಸಿಕೊಳ್ಳುವರು.

ಪೀಠಿಕೆ: ಬೈಬಲ್‌ನ ಹಳೆಯ ಒಡಂಬಡಿಕೆಯಲ್ಲಿ ಬೆಳೆಯ ಹತ್ತರಲ್ಲೊಂದು ಪಾಲನ್ನು ಮೀಸಲಿಡುವ ದಶಮಾಂಶ ಪದ್ಧತಿಯಿದೆ, ಅದರಲ್ಲಿ ಅನಾಥರಿಗೂ ವಿಧವೆಯರಿಗೂ ಪಾಲಿತ್ತು.

ಚಟುವಟಿಕೆ: ಪ್ರತಿ ಮಗುವಿಗೆ 10 ಕಡಲೆಕಾಯಿ ಕೊಟ್ಟೆ. ತಿಂದಾದ ಮೇಲೆ ಬಿಸಿಯೂಟದ ಅಡುಗೆಯಮ್ಮನಿಗೆಂದು ಬುಟ್ಟಿ ಹಿಡಿದರೆ ಬಿದ್ದದ್ದು ಸಿಪ್ಪೆ ಮಾತ್ರ. ಮರುದಿನ ತಿನ್ನುವ ಮುನ್ನವೇ ಕೇಳಿದೆ. ತಲಾ ಒಂದು ಹಾಕಿದರು.

ಅವಲೋಕನ: ಒಬ್ಬಳು ಹಾಕಲಿಲ್ಲ. ಅವಲೋಕನ ಪಟ್ಟಿಯಲ್ಲಿ ‘ಇಲ್ಲ’ ಎಂದು ಗುರುತಿಸುವ ಮೊದಲು ಕಾರಣ ಕೇಳಿದೆ. “ಹತ್ತೂ ತಮ್ಮನಿಗೆ, ಮಿಸ್” ಎಂದಳು.

ಹಿಮ್ಮಾಹಿತಿ: ಕೊಟ್ಟದ್ದನ್ನು ಎಣಿಸಿ ಅಂಕ ಹಾಕಬಾರದು, ಕೊಡದವರ ಹೆಸರು ಕೂಗಬಾರದು. ಮೌಲ್ಯಮಾಪನಕ್ಕೆ ಈ ಪ್ರಶ್ನೆ ಸಾಕು: “ತಿನ್ನುವ ಮುಂಚೆ ಯಾರು ನೆನಪಾದರು?”