ಚಿಟಿಕೆ ಸೋಡದ ಲೆಕ್ಕ

ನಾನು ಕಲಾವಿಭಾಗದ ವಿದ್ಯಾರ್ಥಿ. ರಸಾಯನಶಾಸ್ತ್ರದ ವಿಷಯವಾಗಿ ಬರೆಯ ಹೊರಟಿರುವುದನ್ನು ಕಂಡು ಮಿತ್ರರು ನಕ್ಕಾರು. ಆದರೆ ಈ ಪಾಠವನ್ನು ನಾನು ಪ್ರಯೋಗಶಾಲೆಯಲ್ಲಿ ಕಲಿಯಲಿಲ್ಲ. ನಮ್ಮ ಅಡುಗೆಮನೆಯಲ್ಲಿ, ಅದೂ ಒಂದು ತಪ್ಪಿನಿಂದ ಕಲಿತೆ.

ಕಳೆದ ಮಳೆಗಾಲದ ಒಂದು ಸಂಜೆ ಮನೆಗೆ ನೆಂಟರು ಬಂದಿದ್ದರು. ತಾಯಿಗೆ ಜ್ವರ. ಬಜ್ಜಿ ಕರಿಯುವ ಕೆಲಸವನ್ನು ನಾನೇ ವಹಿಸಿಕೊಂಡೆ. "ಹಿಟ್ಟಿಗೆ ಚಿಟಿಕೆ ಸೋಡ, ಒಂದು ಸೌಟು ಹುಳಿಮಜ್ಜಿಗೆ" ಎಂದು ಅವರು ಮಲಗಿದ್ದಲ್ಲಿಂದಲೇ ಹೇಳಿದರು. ಚಿಟಿಕೆಗೇ ಉಬ್ಬುವ ಬಜ್ಜಿ ಚಮಚಕ್ಕೆ ಇನ್ನೆಷ್ಟು ಉಬ್ಬೀತು ಎಂದುಕೊಂಡು ತುಂಬು ಚಮಚ ಸುರಿದೆ. ಮಜ್ಜಿಗೆ ಏತಕ್ಕೆಂದು ತಿಳಿಯದೆ ಬಿಟ್ಟೇಬಿಟ್ಟೆ. ಅರಿಸಿನ ಬೆರೆಸಿದ ಹಿಟ್ಟು ಕೆಂಪಗಾಯಿತು. ಬಜ್ಜಿಗೆ ಸಾಬೂನಿನ ರುಚಿ. ನೆಂಟರು ದಾಕ್ಷಿಣ್ಯಕ್ಕೆ ಒಂದೊಂದು ತಿಂದು ಕೈತೊಳೆದರು. ಅಂಗಡಿಯ ಸೋಡವೇ ಕೆಟ್ಟದ್ದೆಂದು ನಾನು ವಾದಿಸಿದೆ. ತಾಯಿ ಮಾತನಾಡಲಿಲ್ಲ.

ಮರುದಿನ ನಮ್ಮ ಪುಸ್ತಕ ಭಂಡಾರದಲ್ಲಿ ಕುಳಿತು ಓದಿದಾಗ ಸೋಡ ನಿರಪರಾಧಿಯೆಂದು ತಿಳಿಯಿತು. ಅಡುಗೆ ಸೋಡವೆಂದರೆ ಸೋಡಿಯಂ ಬೈಕಾರ್ಬೊನೇಟ್ ಎಂಬ ಮೃದುವಾದ ಕ್ಷಾರ. ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ಹುಣಿಸೆಯಲ್ಲಿ ಟಾರ್ಟಾರಿಕ್ ಆಮ್ಲ, ಹುಳಿಮಜ್ಜಿಗೆಯಲ್ಲಿ ಲ್ಯಾಕ್ಟಿಕ್ ಆಮ್ಲ ಉಂಟು. ಒಣಗಿರುವಾಗ ಸೋಡವೂ ನಿಂಬೆಹುಳಿಯ ಹರಳೂ ಪಕ್ಕಪಕ್ಕದಲ್ಲಿ ಸುಮ್ಮನಿರುತ್ತವೆ. ನೀರು ಬಿದ್ದೊಡನೆ ಒಂದನ್ನೊಂದು ಶಮನಗೊಳಿಸಿ ಲವಣವೂ ನೀರೂ ಇಂಗಾಲದ ಡೈಆಕ್ಸೈಡೂ ಆಗುತ್ತವೆ. ನೊರೆಯಾಗಿ ಬುಸುಗುಟ್ಟಿ ಏಳುವುದು ಈ ಅನಿಲವೇ. ಸ್ಕಾಟ್ಲೆಂಡಿನ ಜೋಸೆಫ್ ಬ್ಲಾಕ್ 1750ರ ದಶಕದಲ್ಲಿ ಇದನ್ನು ಗುರುತಿಸಿ, ಘನವಸ್ತುವಿನಲ್ಲಿ ಸೆರೆಯಾಗಿದ್ದುದರಿಂದ 'ಬಂಧಿತ ವಾಯು' ಎಂಬ ಅರ್ಥದ ಹೆಸರಿಟ್ಟನು. ಅದನ್ನು ನೀರಿನಲ್ಲಿ ಕರಗಿಸುವ ಕ್ರಮವನ್ನು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1772ರಲ್ಲಿ ಪ್ರಕಟಿಸಿದನು. ನಾವು ಕುಡಿಯುವ ಗೋಲಿಸೋಡದ ಮೂಲ ಅಲ್ಲಿದೆ.

ಇನ್ನು ಅಳತೆಯ ಮಾತು. 84 ಗ್ರಾಂ ಸೋಡವನ್ನು ಶಮನಗೊಳಿಸಲು 90 ಗ್ರಾಂ ಲ್ಯಾಕ್ಟಿಕ್ ಆಮ್ಲ ಬೇಕು. ಎಂದರೆ ಹೆಚ್ಚುಕಡಮೆ ಸಮಸಮ. ಚೆನ್ನಾಗಿ ಹುಳಿತ ಮಜ್ಜಿಗೆಯಲ್ಲಿ ಆಮ್ಲವಿರುವುದು ನೂರಕ್ಕೆ ಸುಮಾರು ಒಂದು ಪಾಲು. 50 ಮಿಲಿಲೀಟರಿನ ಒಂದು ಸೌಟಿನಲ್ಲಿ ಅರ್ಧ ಗ್ರಾಂ ಎನ್ನೋಣ. ಅದಕ್ಕೆ ಸಲ್ಲುವ ಸೋಡ ಅರ್ಧ ಗ್ರಾಮಿನಷ್ಟೇ. ಅದೇ ಒಂದು ಚಿಟಿಕೆ! ನಾನು ಸುರಿದ ಚಮಚ ಸುಮಾರು 5 ಗ್ರಾಂ. ಅದಕ್ಕೆ ಅರ್ಧ ಲೀಟರಿಗೂ ಮಿಕ್ಕ ಮಜ್ಜಿಗೆ ಬೇಕಾಗುತ್ತಿತ್ತು.

ಆಮ್ಲದ ಜೊತೆ ದೊರೆಯದ ಸೋಡ ಎಣ್ಣೆಯ ಕಾವಿಗೆ ತಾನೇ ಒಡೆಯುತ್ತದೆ. ಆದರೆ ಆಗ ಹೊರಡುವ ಅನಿಲ ಅರ್ಧದಷ್ಟೇ. ಉಳಿಯುವುದು ಸೋಡಿಯಂ ಕಾರ್ಬೊನೇಟ್, ಎಂದರೆ ಬಟ್ಟೆ ಒಗೆಯುವ ಸೋಡ. ಸಾಬೂನಿನ ರುಚಿಯ ಗುಟ್ಟು ಇದು. ಅರಿಸಿನ ಕೆಂಪಾದದ್ದೂ ಕ್ಷಾರದಿಂದಲೇ. ಆರತಿಯ ತಟ್ಟೆಯಲ್ಲಿ ಅರಿಸಿನದ ನೀರಿಗೆ ಸುಣ್ಣ ಕದಡಿ ಓಕುಳಿ ಮಾಡುವುದನ್ನು ಚಿಕ್ಕಂದಿನಿಂದ ಕಂಡವನು ನಾನು. ಹಿಟ್ಟು ಕೊಟ್ಟ ಅದೇ ಎಚ್ಚರಿಕೆ ನನ್ನ ಕಣ್ಣಿಗೆ ಬೀಳಲಿಲ್ಲ.

ಓದುಗರು ಲೋಟದಲ್ಲಿ ಅರಿಸಿನದ ನೀರಿಟ್ಟು, ಸೋಡ ಹಾಕಿ ಕೆಂಪಾಗಿಸಿ, ಮೇಲೆ ನಿಂಬೆರಸ ಹಿಂಡಿ ನೋಡಲಿ: ನೊರೆ ಉಕ್ಕಿ, ಬಣ್ಣ ಮತ್ತೆ ಹಳದಿಗೆ ತಿರುಗುವುದು. ಆದರೆ ಇದನ್ನು ಸೀಸೆಯಲ್ಲಿ ಮಾಡಿ ಬಿರಡೆ ಬಿಗಿಯಬಾರದು. ಒಂದು ಚಮಚ ಸೋಡ ಒಂದು ಲೀಟರಿಗೂ ಮೀರಿ ಅನಿಲ ಕೊಡಬಲ್ಲದು, ಸೀಸೆ ಸಿಡಿದೀತು.

ನನ್ನ ತಾಯಿ ತಕ್ಕಡಿ ಹಿಡಿದವರಲ್ಲ, ಸಮೀಕರಣ ಬರೆದವರಲ್ಲ. ಆದರೂ ಅವರ ಬೆರಳ ತುದಿಯ ಅಳತೆ ಪುಸ್ತಕದ ಲೆಕ್ಕಕ್ಕೆ ಸರಿಹೊಂದಿತು. ಓದು ಬಂದವನು ನಾನೇ ತಪ್ಪಿದ್ದೆ. ತಪ್ಪನ್ನು ಅಂಗಡಿಯವನ ಮೇಲೂ ಹೊರಿಸಿದ್ದೆ. ಆ ಸಂಜೆ ಲೆಕ್ಕವನ್ನೆಲ್ಲ ವಿವರಿಸಿ ಅವರಲ್ಲಿ ತಪ್ಪೊಪ್ಪಿಕೊಂಡೆ. ಅವರು ಪೂರ್ತಿ ಕೇಳಿ, "ಇನ್ನೊಂದು ಸಲ ಮಜ್ಜಿಗೆ ಮರೆಯಬೇಡ" ಎಂದರು.