ಮನೆ ಟಗರು, ಮಗಳು, ಮೊಮ್ಮಗಳು

ಜಗಳೂರಿನ ಕುರಿಗಾರ ಅಣ್ಣನವರೇ, ಒಂದೇ ಬಳ್ಳಾರಿ ಟಗರು ನಾಲ್ಕು ವರ್ಷದಿಂದ ಹಿಂಡಿನಲ್ಲಿದೆ, ಮರಿಗಳು ಸಣ್ಣಗೆ ಹುಟ್ಟಿ ಸಾಯುತ್ತಿವೆ ಎಂದು ಬರೆದಿದ್ದೀರಿ. ಮೊದಲು ಸತ್ತ ಮರಿಯನ್ನು ಪಶುವೈದ್ಯರಿಗೆ ತೋರಿಸಿ. ಕರುಳುಬೇನೆ, ನ್ಯುಮೋನಿಯಾ, ಗಬ್ಬದ ಕುರಿಗೆ ಮೇವು ಸಾಲದಿರುವುದೂ ಕಾರಣವಿರಬಹುದು. ಏನೇ ಇರಲಿ, ಟಗರನ್ನು ಬದಲಿಸಲೇಬೇಕು; ನಾಲ್ಕು ವರ್ಷದಲ್ಲಿ ಅದು ತನ್ನ ಮಗಳು, ಮೊಮ್ಮಗಳನ್ನೇ ಏರುತ್ತಿರಬಹುದು.

ಅಪ್ಪನೂ ಮಗಳೂ ಕೂಡಿದರೆ, ಒಂದೇ ಮೂಲದ ಜೀನು ಎರಡೂ ಕಡೆಯಿಂದ ಬಂದು ಮರಿಯಲ್ಲಿ ಜೋಡಿಯಾಗುವ ಸಾಧ್ಯತೆ ಶೇ 25. ಆ ಮರಿ ಹೆಣ್ಣಾಗಿದ್ದು, ಬೆಳೆದು ಮತ್ತೆ ಅದೇ ಟಗರಿಗೆ ಕೂಡಿದರೆ ಶೇ 37.5. ಅಡಗಿದ್ದ ದೋಷಗಳು ಆಗ ಮೇಲೇಳುತ್ತವೆ: ತೂಕ ಇಳಿಯುತ್ತದೆ, ಗಬ್ಬ ನಿಲ್ಲುವುದಿಲ್ಲ, ರೋಗ ತಡೆಯುವ ಕಸುವು ಕುಂದುತ್ತದೆ.

ನೆರೆಮನೆಯ ಟಗರು ಬೇಡ, ಅದು ನಿಮ್ಮದರ ತಮ್ಮನೇ ಇದ್ದೀತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ನಂಟಿಲ್ಲದ ಹಿಂಡಿನಲ್ಲಿ ಇದೇ ತಳಿಯದನ್ನು ಹುಡುಕಿ. ಬ್ರೂಸೆಲ್ಲಾ ರೋಗದ ಪರೀಕ್ಷೆ ಮಾಡಿಸಿ, ಮೂರು ವಾರ ಬೇರೆ ಕಟ್ಟಿ. 25–30 ಕುರಿಗೆ ಒಂದು ಟಗರು ಸಾಕು. ಎರಡು ವರ್ಷಕ್ಕೊಮ್ಮೆ ಬದಲಿಸಿ. ಗಂಡುಮರಿಗಳನ್ನು ನಾಲ್ಕೈದು ತಿಂಗಳಿಗೇ ಬೇರ್ಪಡಿಸಿ, ಇಲ್ಲವಾದರೆ ಅವು ಅಕ್ಕತಂಗಿಯರನ್ನೇ ಏರುತ್ತವೆ.

ನನಗೆ ನಿಜಕ್ಕೂ ಸಂಕಟವಾಗುವುದು ಬಕ್ರೀದ್ ಹೊತ್ತಿನಲ್ಲಿ. ಚೆಂದವಾಗಿ ಬೆಳೆದ ಟಗರುಗಳೆಲ್ಲ ಸಂತೆಗೆ ಹೋಗಿ, ಯಾರೂ ಕೊಳ್ಳದ್ದು ಬೀಜಕ್ಕೆ ಉಳಿಯುತ್ತದೆ. ಒಳ್ಳೆಯದೊಂದನ್ನು ದಯವಿಟ್ಟು ನಂಟಿಲ್ಲದ ಹಿಂಡಿನ ಬೀಜಕ್ಕೆ ಉಳಿಸಿ. ಮೈತೂಕದ ಆಸೆಗೆ ಹೊರಗಿನ ತಳಿ ಬೆರೆಸಬೇಡಿ. ಬರದಲ್ಲೂ ಕೂಳೆ ಮೇಯ್ದು ಮೈಲಿಗಟ್ಟಲೆ ನಡೆಯುವ ಗುಣ ನಮ್ಮ ಕುರಿಯದು. ಈಗಿರುವ ಟಗರನ್ನು ಕಡಿಯಲು ಕೊಡಬೇಕಿಲ್ಲ. ಆರೋಗ್ಯ ಸರಿಯಿದ್ದರೆ ದೂರದ ಊರಿನವರ ಟಗರಿಗೆ ಅದಲುಬದಲು ಮಾಡಿಕೊಳ್ಳಿ.